ಗದಗದ ಸುನಿಲ್ ಜೋಶಿ: ಪದೇ ಪದೇ ಕೇಳುವ ಪ್ರಶ್ನೆಗಳು, ಸ್ವಲ್ಪ ಉದ್ದದ ಉತ್ತರಗಳು

ಸುನಿಲ್ ಜೋಶಿ ಹೆಸರು ಹೇಳಿದ ತಕ್ಷಣ ಎದುರಿಗಿದ್ದವರು ಕೇಳೋದು ಒಂದೇ ಮಾತು: "ಆರು ರನ್ನಿಗೆ ಐದು ವಿಕೆಟ್ ತೆಗೆದವರಲ್ವಾ?" ಹೌದು, ಅವರೇ. ಆದರೆ ಪ್ರತಿ ಸಲವೂ ಮಾತು ಅಲ್ಲಿಗೇ ನಿಂತುಬಿಡುತ್ತದೆ, ಅದೇ ನನ್ನ ತಕರಾರು. ಆ ಒಂದು ಮಧ್ಯಾಹ್ನದ ಹಿಂದೆ ಮುಂದೆ ಮೂವತ್ತು ವರ್ಷದ ಕೆಲಸ ಇದೆ. ಜಾಸ್ತಿ ಪಾಲು ಯಾರೂ ಟಿವಿಯಲ್ಲಿ ನೋಡದ ಕೆಲಸ. ಗೆಳೆಯರು, ನೆಂಟರ ಹುಡುಗರು ಕೇಳಿದ ಪ್ರಶ್ನೆಗಳನ್ನೆಲ್ಲ ಒಟ್ಟು ಮಾಡಿ ಇಲ್ಲಿ ಬರೆದಿದ್ದೇನೆ.

ಮೊದಲು ಚಿಕ್ಕದಾಗಿ ಹೇಳಿ, ಇವರು ಯಾರು?

ಸುನಿಲ್ ಜೋಶಿ ಹುಟ್ಟಿದ್ದು 1970ರ ಜೂನ್ 6ರಂದು, ಗದಗದಲ್ಲಿ. ಎಡಗೈ ಸ್ಪಿನ್ನರ್, ಬ್ಯಾಟಿಂಗೂ ಎಡಗೈ. ಕರ್ನಾಟಕಕ್ಕೆ 1992-93ರಿಂದ ಸುಮಾರು 18 ವರ್ಷ ರಣಜಿ (ರಾಜ್ಯ ತಂಡಗಳ ನಡುವಿನ ಟೂರ್ನಿ) ಆಡಿದರು. ಭಾರತಕ್ಕೆ 15 ಟೆಸ್ಟ್, 69 ಏಕದಿನ ಪಂದ್ಯ. ಆಮೇಲೆ ಕೋಚ್, ಆಮೇಲೆ ರಾಷ್ಟ್ರೀಯ ಆಯ್ಕೆ ಸಮಿತಿಯ ಅಧ್ಯಕ್ಷ, ಮತ್ತೆ ಕೋಚ್.

ಗದಗದಿಂದ ದಿನಾ ಹುಬ್ಬಳ್ಳಿಗೆ ಹೋಗಿ ಬರುತ್ತಿದ್ದರಂತೆ, ನಿಜಾನಾ?

ನಿಜ. ಬೆಳಗಿನ ಜಾವ ಎದ್ದು ಹುಬ್ಬಳ್ಳಿಗೆ ಹೋಗೋದು, ಅಲ್ಲಿ ಪ್ರಾಕ್ಟೀಸ್ ಮಾಡೋದು, ಮತ್ತೆ ಶಾಲೆ ಹೊತ್ತಿಗೆ ಗದಗಕ್ಕೆ ವಾಪಸ್. ಒಂದು ಕಡೆಗೇ ಸುಮಾರು 60 ಕಿಲೋಮೀಟರ್. ಇವತ್ತು ಅಗಲವಾದ ರಸ್ತೆಯಲ್ಲಿ ಕಾರಲ್ಲಿ ಹೋಗುವವರಿಗೆ ಇದು ದೊಡ್ಡದಲ್ಲ ಅನ್ನಿಸಬಹುದು. ಆದರೆ ಎಂಬತ್ತರ ದಶಕದಲ್ಲಿ, ಹೆಗಲಿಗೆ ಕಿಟ್ ಹಾಕಿಕೊಂಡು ನಸುಕಿನಲ್ಲಿ ಮನೆ ಬಿಟ್ಟು, ಬೆವರಿದ ಬಟ್ಟೆಯಲ್ಲೇ ವಾಪಸ್ ಬಂದು ಕ್ಲಾಸಿನಲ್ಲಿ ಕೂತ ಹುಡುಗನಿಗೆ ಎರಡನೇ ಪೀರಿಯಡ್ಡಿನಲ್ಲಿ ನಿದ್ದೆ ಹೇಗೆ ಬಂದಿರಬಹುದು ಅಂತ ಯೋಚನೆ ಮಾಡಿ ನೋಡಿ.

ಆಗ ಗದಗ ಪ್ರತ್ಯೇಕ ಜಿಲ್ಲೆಯೂ ಆಗಿರಲಿಲ್ಲ. ಧಾರವಾಡ ಜಿಲ್ಲೆಯಲ್ಲೇ ಇತ್ತು, 1997ರಲ್ಲಿ ಬೇರೆಯಾಯಿತು. ಊರು ಅಂದರೆ ಕುಮಾರವ್ಯಾಸ, ವೀರನಾರಾಯಣನ ಗುಡಿ, ಪುಟ್ಟರಾಜ ಗವಾಯಿಗಳ ಆಶ್ರಮ, ಭೀಮಸೇನ ಜೋಶಿ, ಸಾಲುಸಾಲು ಪ್ರಿಂಟಿಂಗ್ ಪ್ರೆಸ್. ಕ್ರಿಕೆಟ್ ಅಂತ ಯಾರೂ ಹೇಳುತ್ತಿರಲಿಲ್ಲ. ಕರ್ನಾಟಕ ತಂಡ ಅಂದರೆ ಬಹುಪಾಲು ಬೆಂಗಳೂರು, ಅಲ್ಲೊಬ್ಬ ಇಲ್ಲೊಬ್ಬ ಮೈಸೂರು, ಭದ್ರಾವತಿ ಕಡೆಯವರು. ಉತ್ತರ ಕರ್ನಾಟಕದ ಹುಡುಗ ಭಾರತಕ್ಕೆ ಆಡುತ್ತೇನೆ ಅಂದರೆ ಮನೆಯವರೇ ನಗುತ್ತಿದ್ದ ಕಾಲ ಅದು.

ಕರ್ನಾಟಕ ತಂಡದಲ್ಲಿ ಜಾಗ ಹೇಗೆ ಸಿಕ್ಕಿತು?

ಕರ್ನಾಟಕಕ್ಕೆ ಎಡಗೈ ಸ್ಪಿನ್ನರ್‌ಗಳ ಒಂದು ಸಾಲೇ ಇದೆ. ಎಪ್ಪತ್ತರ ದಶಕದಲ್ಲಿ ಬಿ. ವಿಜಯಕೃಷ್ಣ. ಆಮೇಲೆ ಎ. ರಘುರಾಮ್ ಭಟ್. 1982ರಲ್ಲಿ ಬೆಂಗಳೂರಿನ ರಣಜಿ ಸೆಮಿಫೈನಲ್‌ನಲ್ಲಿ ಇದೇ ಭಟ್ಟರ ಬೌಲಿಂಗ್ ತಡೆಯಲಾಗದೆ ಸುನಿಲ್ ಗವಾಸ್ಕರ್ ಎಡಗೈಯಲ್ಲಿ ಬ್ಯಾಟ್ ಹಿಡಿದು ನಿಂತರು, ಕಥೆ ಅಲ್ಲ, ನಡೆದದ್ದು. ಆ ಸಾಲಿನಲ್ಲಿ ಮುಂದಿನ ಹೆಸರು ಜೋಶಿ.

1992-93ರಲ್ಲಿ ರಣಜಿಗೆ ಬಂದರೂ ದೇಶದ ಕಣ್ಣಿಗೆ ಬಿದ್ದದ್ದು 1995-96ರಲ್ಲಿ. ಆ ಒಂದೇ ರಣಜಿ ಸೀಸನ್ನಿನಲ್ಲಿ 500ಕ್ಕಿಂತ ಜಾಸ್ತಿ ರನ್, ಜೊತೆಗೆ 50ಕ್ಕಿಂತ ಜಾಸ್ತಿ ವಿಕೆಟ್. ಎರಡರಲ್ಲಿ ಒಂದನ್ನು ಮಾಡಿದರೇ ಆ ವರ್ಷ ಚೆನ್ನಾಗಿತ್ತು ಅಂತಾರೆ, ಇವರು ಎರಡೂ ಮಾಡಿದರು. ಅದೇ ವರ್ಷ ಕರ್ನಾಟಕ ಚೆನ್ನೈಗೆ ಹೋಗಿ ತಮಿಳುನಾಡನ್ನು ಹಿಂದೆ ಹಾಕಿ ರಣಜಿ ಟ್ರೋಫಿ ತಂದಿತು. 1997-98, 1998-99ರಲ್ಲಿ ಮತ್ತೆ ಎರಡು ಸಲ ಗೆದ್ದಿತು. ನಾಲ್ಕು ವರ್ಷದಲ್ಲಿ ಮೂರು ಟ್ರೋಫಿ! ಶ್ರೀನಾಥ್, ಕುಂಬ್ಳೆ, ದ್ರಾವಿಡ್, ವೆಂಕಟೇಶ್ ಪ್ರಸಾದ್ ಎಲ್ಲ ಭಾರತಕ್ಕೆ ಆಡಲು ಹೋದಾಗ ರಾಜ್ಯ ತಂಡವನ್ನು ಎಳೆದವರು ಯಾರು ಅಂತ ಆ ಕಾಲದ ಸ್ಕೋರ್‌ಕಾರ್ಡ್ ತೆಗೆದು ನೋಡಿ. ವಿಜಯ್ ಭಾರದ್ವಾಜ್, ದೊಡ್ಡ ಗಣೇಶ್, ಸುನಿಲ್ ಜೋಶಿ. ಈ ಮೂರು ಹೆಸರು ಬರುತ್ತಲೇ ಇರುತ್ತವೆ.

ಮೊದಲ ಟೆಸ್ಟ್‌ನಲ್ಲಿ ಒಂದು ಓವರ್ ಕೂಡ ಹಾಕಲಿಲ್ವಂತೆ?

ಹೌದು, ಪಾಪ. 1996ರ ಜೂನ್ 6, ಬರ್ಮಿಂಗ್‌ಹ್ಯಾಮ್. ಅವತ್ತು ಅವರ 26ನೇ ಹುಟ್ಟುಹಬ್ಬ ಕೂಡ. ಹುಟ್ಟುಹಬ್ಬದ ದಿನವೇ ಭಾರತದ ಟೆಸ್ಟ್ ಕ್ಯಾಪ್! ಅದೇ ಪಂದ್ಯದಲ್ಲಿ ವೆಂಕಟೇಶ್ ಪ್ರಸಾದ್, ವಿಕ್ರಮ್ ರಾಥೋಡ್, ಪಾರಸ್ ಮಾಂಬ್ರೆ ಅವರಿಗೂ ಅದು ಮೊದಲ ಟೆಸ್ಟ್. ಆದರೆ ಜೋಶಿ ಬೆರಳಿಗೆ ಪೆಟ್ಟು ಮಾಡಿಕೊಂಡು ಬೌಲಿಂಗೇ ಮಾಡಲಿಲ್ಲ.

ಈಗ ಇದರ ಮುಂದಿನ ಭಾಗ, ಇದನ್ನು ಯಾರೂ ಜೋಡಿಸಿ ನೋಡೋದಿಲ್ಲ. ಮುಂದಿನ ಟೆಸ್ಟ್ ಲಾರ್ಡ್ಸ್‌ನಲ್ಲಿ. ತಂಡದಿಂದ ಇಬ್ಬರು ಹೊರಗೆ, ಸಂಜಯ್ ಮಾಂಜ್ರೇಕರ್ ಮತ್ತು ಜೋಶಿ. ಒಳಗೆ ಬಂದ ಇಬ್ಬರು ಹೊಸಬರು ಸೌರವ್ ಗಂಗೂಲಿ ಮತ್ತು ರಾಹುಲ್ ದ್ರಾವಿಡ್. ಅಲ್ಲಿ ಆದದ್ದು ಎಲ್ಲರಿಗೂ ಗೊತ್ತು, 131 ಮತ್ತು 95. ಭಾರತದ ಕ್ರಿಕೆಟ್ಟಿಗೆ ಅದು ಬಂಗಾರದ ಪಂದ್ಯ. ಬೆರಳಿಗೆ ಪಟ್ಟಿ ಕಟ್ಟಿಕೊಂಡ ಸ್ಪಿನ್ನರ್‌ಗೆ ಹೇಗಿತ್ತೋ.

ಅದೇ ವರ್ಷ ನವೆಂಬರಿನಲ್ಲಿ ಅಹಮದಾಬಾದ್‌ನಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ವಾಪಸ್ ಬಂದರು. ಶ್ರೀನಾಥ್ 21 ರನ್ನಿಗೆ 6 ವಿಕೆಟ್ ಕಿತ್ತ ಪಂದ್ಯ ಅಂತ ನೆನಪಿರುತ್ತದಲ್ಲ, ಅದೇ. ಅಲ್ಲಿ ಮೊದಲ ಇನಿಂಗ್ಸ್‌ನಲ್ಲಿ ಜೋಶಿ 4 ವಿಕೆಟ್ ತೆಗೆದಿದ್ದರು ಅನ್ನೋದು ಯಾರಿಗೂ ನೆನಪಿರೋದಿಲ್ಲ.

ಆ 5 ವಿಕೆಟ್ ಪಂದ್ಯದಲ್ಲಿ ನಿಜವಾಗಿ ಏನಾಯಿತು?

ಸರಿ, ಇದಕ್ಕೇ ಎಲ್ಲರೂ ಕಾಯುತ್ತಿದ್ದದ್ದು ಅಂತ ಗೊತ್ತು.

1999ರ ಸೆಪ್ಟೆಂಬರ್ 26, ಭಾನುವಾರ. ನೈರೋಬಿ ಜಿಮ್ಖಾನಾ ಮೈದಾನ. ಎಲ್‌ಜಿ ಕಪ್ ಅನ್ನೋ ಏಕದಿನ ಟೂರ್ನಿ. ಸಚಿನ್ ಇರಲಿಲ್ಲ, ಅಜಯ್ ಜಡೇಜಾ ನಾಯಕ. ಎದುರಿಗೆ ಹ್ಯಾನ್ಸಿ ಕ್ರೋನಿಯೆ ಅವರ ದಕ್ಷಿಣ ಆಫ್ರಿಕಾ. ಮೂರು ತಿಂಗಳ ಹಿಂದಷ್ಟೇ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಆಸ್ಟ್ರೇಲಿಯಾ ಜೊತೆ ಟೈ ಮಾಡಿಕೊಂಡು, ಕೂದಲೆಳೆಯಲ್ಲಿ ಫೈನಲ್ ತಪ್ಪಿಸಿಕೊಂಡಿದ್ದ ತಂಡ. ಸುಮ್ನೆ ಬಂದು ಔಟಾಗಿ ಹೋಗುವವರಲ್ಲ.

ಜೋಶಿ ಲೆಕ್ಕ ಹೀಗಿತ್ತು: 10 ಓವರ್, 6 ಮೇಡನ್ (ಒಂದೂ ರನ್ ಕೊಡದ ಓವರ್), 6 ರನ್, 5 ವಿಕೆಟ್. ಡಿಪೆನಾರ್, ಗಿಬ್ಸ್, ಕ್ರೋನಿಯೆ, ಜಾಂಟಿ ರೋಡ್ಸ್, ಪೊಲಾಕ್. ಬಾಲಂಗೋಚಿಗಳ ವಿಕೆಟ್ ಅಲ್ಲ ನೋಡಿ ಇವು, ತಂಡದ ಬೆನ್ನೆಲುಬು. ದಕ್ಷಿಣ ಆಫ್ರಿಕಾ 117ಕ್ಕೆ ಆಲೌಟ್, ಭಾರತಕ್ಕೆ 8 ವಿಕೆಟ್ ಜಯ.

60 ಎಸೆತದಲ್ಲಿ 36 ಎಸೆತ ಬರೀ ಮೇಡನ್ ಓವರ್‌ಗಳಿಗೇ ಹೋಯಿತು. ಉಳಿದ 24 ಎಸೆತದಲ್ಲಿ 6 ರನ್. ಸ್ಕೋರ್‌ಬುಕ್ ಬರೆದು ಗೊತ್ತಿದ್ದವರಿಗೆ ಇದರ ಮಜಾ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಮೇಡನ್ ಆದರೆ ಆ ಚೌಕದೊಳಗಿನ ಆರು ಚುಕ್ಕೆಗಳನ್ನು ಗೆರೆ ಎಳೆದು ಸೇರಿಸಿ 'ಎಂ' ಮಾಡುತ್ತಾರೆ. ವಿಕೆಟ್ ಬಿದ್ದ ಮೇಡನ್ ಆದರೆ ಅದೇ ಚುಕ್ಕೆಗಳನ್ನು ತಿರುಗಿಸಿ 'ಡಬ್ಲ್ಯೂ'. ಒಬ್ಬನೇ ಬೌಲರ್‌ನ ಸಾಲಿನಲ್ಲಿ, ಅದೂ ಏಕದಿನ ಪಂದ್ಯದಲ್ಲಿ, ಅಂಥ ಆರು ಚೌಕ ಬರೆಯಬೇಕಾದರೆ ಸ್ಕೋರರ್ ಪೆನ್ನು ಒಂದು ಕ್ಷಣ ನಿಂತಿರಲೇಬೇಕು.

ನಮ್ಮ ಓಣಿಯಲ್ಲಿ ಅವತ್ತು ಊಟದ ಹೊತ್ತಿಗೆ ಸರಿಯಾಗಿ ಕರೆಂಟ್ ಹೋಗಿತ್ತು. ಬಂದಾಗ ಟಿವಿಯಲ್ಲಿ ಆ ಲೆಕ್ಕ ಕಾಣಿಸಿತು. 6 ಅಲ್ಲ 26 ಇರಬೇಕು, ಎರಡರ ಅಂಕಿ ಬಿಟ್ಟು ಹೋಗಿದೆ ಅಂತ ನಮ್ಮ ಕಾಕಾ ಕೊನೆತನಕ ವಾದ ಮಾಡಿದರು. ಮರುದಿನ ಪೇಪರ್ ಬಂದ ಮೇಲೆಯೇ ಸುಮ್ಮನಾಗಿದ್ದು.

ಬರೀ ಪಿಚ್ ಸಹಾಯ ಮಾಡಿತು ಅಂತಾರಲ್ಲ?

ಪಿಚ್ ನಿಧಾನ ಇತ್ತು ಅಂತಲೇ ಇಟ್ಟುಕೊಳ್ಳೋಣ. ನಿಧಾನದ ಪಿಚ್ ಮೇಲೆ 10 ಓವರಿಗೆ 25 ರನ್ ಕೊಟ್ಟು 2 ವಿಕೆಟ್ ತೆಗೆದ ಸ್ಪಿನ್ನರ್‌ಗಳು ಬೇಕಾದಷ್ಟು ಸಿಗುತ್ತಾರೆ. 6 ರನ್ ಕೊಟ್ಟವರನ್ನು ತೋರಿಸಿ.

ಜೋಶಿ ಬೌಲಿಂಗ್‌ನಲ್ಲಿ ಮ್ಯಾಜಿಕ್ ಏನೂ ಇರಲಿಲ್ಲ. ಚೆಂಡನ್ನು ಸ್ವಲ್ಪ ಗಾಳಿಯಲ್ಲಿ ತೇಲಿಸಿ, ಬ್ಯಾಟ್ಸ್‌ಮನ್ ಮುಂದೆ ಬರಬೇಕೋ ಹಿಂದೆ ಹೋಗಬೇಕೋ ಅಂತ ಅನುಮಾನ ಪಡುವ ಜಾಗದಲ್ಲಿ ಬೀಳಿಸೋದು. ಬಲಗೈ ಬ್ಯಾಟ್ಸ್‌ಮನ್‌ಗೆ ಹೊರಗೆ ತಿರುಗುತ್ತದೆ. ಒಂದು ಮಾತ್ರ ತಿರುಗದೆ ನೆಟ್ಟಗೆ ಒಳಗೆ ಬರುತ್ತದೆ. ಅದೇ ಕೆಲಸ ಮತ್ತೆ ಮತ್ತೆ. ನೋಡಲು ಬೇಜಾರು ಅನ್ನಿಸುವಷ್ಟು ಸಲ. ಆಡುವವರಿಗೆ ಬೇಜಾರಾಗಿ ಕೈ ಎತ್ತಿದರೆ ವಿಕೆಟ್.

ಇಷ್ಟೆಲ್ಲ ಇದ್ದೂ 15 ಟೆಸ್ಟ್ ಮಾತ್ರ ಯಾಕೆ? ವಿಶ್ವಕಪ್ ಯಾಕೆ ಆಡಲಿಲ್ಲ?

ಇದಕ್ಕೆ ಒಂದೇ ಹೆಸರಿನ ಉತ್ತರ ಇದೆ: ಅನಿಲ್ ಕುಂಬ್ಳೆ. ಕುಂಬ್ಳೆ ಇರುವ ತನಕ ಭಾರತದ ತಂಡದಲ್ಲಿ ಮೊದಲ ಸ್ಪಿನ್ನರ್ ಜಾಗ ಖಾಲಿ ಇರಲಿಲ್ಲ. ಹೊರದೇಶದಲ್ಲಿ ಒಬ್ಬರೇ ಸ್ಪಿನ್ನರ್ ಸಾಕು. ಊರಲ್ಲಿ ಎರಡನೇ ಸ್ಪಿನ್ನರ್ ಬೇಕು, ಆದರೆ ಆ ಎರಡನೇ ಕುರ್ಚಿಗೆ ವೆಂಕಟಪತಿ ರಾಜು, ರಾಜೇಶ್ ಚೌಹಾಣ್, ನೀಲೇಶ್ ಕುಲಕರ್ಣಿ, ಆಮೇಲೆ ಮುರಳಿ ಕಾರ್ತಿಕ್, ಹರ್ಭಜನ್. ಒಂದು ಸರಣಿ ಕೂರಿಸಿ ಮುಂದಿನದಕ್ಕೆ ಎಬ್ಬಿಸುತ್ತಿದ್ದರು. ರಾಜ್ಯ ತಂಡದಲ್ಲೂ ಕುಂಬ್ಳೆ, ದೇಶದ ತಂಡದಲ್ಲೂ ಕುಂಬ್ಳೆ. ಬೇರೆ ಯಾವ ಕಾಲದಲ್ಲಿ ಹುಟ್ಟಿದ್ದರೂ ಜೋಶಿ 40 ಟೆಸ್ಟ್ ಆಡುತ್ತಿದ್ದರು ಅನ್ನೋದು ನನ್ನ ಲೆಕ್ಕ. ಒಪ್ಪದಿದ್ದರೆ ಜಗಳ ಆಡೋಣ ಬನ್ನಿ.

1999ರ ವಿಶ್ವಕಪ್ ವಿಷಯಕ್ಕೆ ಬಂದರೆ, ಕುಂಬ್ಳೆ ಜೊತೆಗೆ ಎರಡನೇ ಸ್ಪಿನ್ನರ್ ಆಗಿ ನಿಖಿಲ್ ಚೋಪ್ರಾ ಅವರನ್ನು ಇಂಗ್ಲೆಂಡಿಗೆ ಕರೆದುಕೊಂಡು ಹೋದರು. ಜೋಶಿ ಮನೆಯಲ್ಲಿ. ನೈರೋಬಿ ಪಂದ್ಯ ನಡೆದದ್ದು ಅದೇ ವರ್ಷ ಸೆಪ್ಟೆಂಬರಿನಲ್ಲಿ ಅನ್ನೋದನ್ನು ಇಲ್ಲಿ ಇನ್ನೊಮ್ಮೆ ಓದಿಕೊಳ್ಳಿ.

2000ದ ನವೆಂಬರ್ ನಂತರ ಟೆಸ್ಟ್ ಆಡಲಿಲ್ಲ. 2001ರ ನಂತರ ಏಕದಿನವೂ ಇಲ್ಲ.

ಢಾಕಾ ಟೆಸ್ಟ್ ಬಗ್ಗೆ ಹೇಳಿ

ನನ್ನ ಪ್ರಕಾರ ಇದು ನೈರೋಬಿಗಿಂತ ದೊಡ್ಡದು.

2000ದ ನವೆಂಬರ್ 10. ಬಾಂಗ್ಲಾದೇಶಕ್ಕೆ ಅದು ಮೊಟ್ಟಮೊದಲ ಟೆಸ್ಟ್. ಗಂಗೂಲಿಗೆ ನಾಯಕನಾಗಿ ಮೊದಲ ಟೆಸ್ಟ್. ಎಲ್ಲರೂ ಮೂರು ದಿನದಲ್ಲಿ ಮುಗಿಯುತ್ತದೆ ಅಂದುಕೊಂಡಿದ್ದರು, ಬಾಂಗ್ಲಾದವರು ನೋಡಿದರೆ 400 ಹೊಡೆದರು! ಅಮೀನುಲ್ ಇಸ್ಲಾಂ 145. ಆ ಇನಿಂಗ್ಸ್‌ನಲ್ಲಿ ಜೋಶಿಗೆ 142 ರನ್ನಿಗೆ 5 ವಿಕೆಟ್. ಅಂದರೆ ಹೊಡೆಸಿಕೊಂಡರೂ ಬಿಡದೆ ಹಾಕಿದರು.

ಆಮೇಲೆ ಭಾರತದ ಬ್ಯಾಟಿಂಗ್ ಒದ್ದಾಡಿತು. ಮೊದಲ ಆರು ವಿಕೆಟ್ ಬಿದ್ದಾಗ ಬಾಂಗ್ಲಾ ಮುನ್ನಡೆ ತಗೊಂಡುಬಿಡುತ್ತದೆ ಅನ್ನೋ ಹಾಗಿತ್ತು. ಆಗ ಗಂಗೂಲಿ ಜೊತೆ ನಿಂತವರು ಜೋಶಿ. ಗಂಗೂಲಿ 84, ಜೋಶಿ 92. ಸೆಂಚುರಿಗೆ 8 ರನ್ ಕಮ್ಮಿ, ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಭಾರತ 429. ಎರಡನೇ ಇನಿಂಗ್ಸ್‌ನಲ್ಲಿ ಬಾಂಗ್ಲಾ 91ಕ್ಕೆ ಆಲೌಟ್, ಶ್ರೀನಾಥ್‌ಗೆ 3, ಜೋಶಿಗೆ 27 ರನ್ನಿಗೆ 3. ಭಾರತಕ್ಕೆ 9 ವಿಕೆಟ್ ಜಯ, ಪಂದ್ಯಶ್ರೇಷ್ಠ ಸುನಿಲ್ ಜೋಶಿ.

ಅವರ ಟೆಸ್ಟ್ ಜೀವನದ ಅತಿ ಹೆಚ್ಚು ಸ್ಕೋರ್, ಅತ್ಯುತ್ತಮ ಬೌಲಿಂಗ್, ಎರಡೂ ಇದೇ ಒಂದು ಪಂದ್ಯದಲ್ಲಿ. ಹಾಗಿದ್ದೂ ಅದೇ ತಿಂಗಳ ಕೊನೆಯಲ್ಲಿ ಟೆಸ್ಟ್ ಬಾಗಿಲು ಮುಚ್ಚಿತು. ಮುಂದೆ 2001ರ ಫೆಬ್ರವರಿಯಲ್ಲಿ ಆಸ್ಟ್ರೇಲಿಯಾ ಬಂದಿತು, ಕುಂಬ್ಳೆಗೆ ಭುಜದ ನೋವು, ಹರ್ಭಜನ್ 32 ವಿಕೆಟ್ ತೆಗೆದು ಕುರ್ಚಿ ತನ್ನದು ಮಾಡಿಕೊಂಡರು. ಯಾರದ್ದೂ ತಪ್ಪಲ್ಲ, ಬಿಡಿ.

ಒಟ್ಟು ಲೆಕ್ಕ ಒಂದೇ ಕಡೆ ಕೊಡಿ

ಟೆಸ್ಟ್: 15 ಪಂದ್ಯ, 41 ವಿಕೆಟ್, 352 ರನ್. ಏಕದಿನ: 69 ಪಂದ್ಯ, 69 ವಿಕೆಟ್, 584 ರನ್. ಪ್ರಥಮ ದರ್ಜೆ (ಟೆಸ್ಟ್, ರಣಜಿಯಂಥ ಹಲವು ದಿನಗಳ ಪಂದ್ಯಗಳೆಲ್ಲ ಸೇರಿ): 160 ಪಂದ್ಯ, 615 ವಿಕೆಟ್, 5129 ರನ್, 4 ಸೆಂಚುರಿ.

ಈ 615ರಲ್ಲಿ ಟೆಸ್ಟ್ ವಿಕೆಟ್ ಬರೀ 41. ಸುಮಾರು ಹದಿನೈದರಲ್ಲಿ ಹದಿನಾಲ್ಕು ವಿಕೆಟ್ ಬಂದದ್ದು ಖಾಲಿ ಗ್ಯಾಲರಿಗಳ ಎದುರಿಗೆ. ರಣಜಿಯಲ್ಲೇ 479. ಅದರಲ್ಲಿ ಒಂದೂ ಬೇರೆ ರಾಜ್ಯಕ್ಕೆ ಆಡಿ ತೆಗೆದದ್ದಲ್ಲ. ರಣಜಿ ಪಂದ್ಯ ನೋಡಲು ಹೋಗಿದ್ದರೆ ಗೊತ್ತಿರುತ್ತದೆ. ಬೆಳಗ್ಗೆ ಸ್ಟ್ಯಾಂಡಿನಲ್ಲಿ ನಲವತ್ತು ಜನ, ಅದರಲ್ಲಿ ಹತ್ತು ಜನ ಪೇಪರ್ ಓದಲು ಬಂದವರು. ಎರಡನೇ ದಿನ ಟೀ ಆದ ಮೇಲೆ, ಬಿಸಿಲು ಇಳಿಯುವ ಹೊತ್ತಿಗೆ, ಮೂವತ್ತೆರಡನೇ ಓವರ್ ಹಾಕುತ್ತಿರುವ ಸ್ಪಿನ್ನರ್ ಒಂದೇ ಒಂದು ಎಸೆತ ತಪ್ಪಾಗಿ ಬಿದ್ದರೂ ತಲೆ ಅಲ್ಲಾಡಿಸಿ ವಾಪಸ್ ನಡೆಯುತ್ತಾನಲ್ಲ, ಆ ದೃಶ್ಯಕ್ಕೆ ಟಿಕೆಟ್ ಇಲ್ಲ.

ಬ್ಯಾಟಿಂಗ್ ನಿಜವಾಗಿಯೂ ಅಷ್ಟು ಚೆನ್ನಾಗಿತ್ತಾ?

ಪ್ರಥಮ ದರ್ಜೆಯಲ್ಲಿ 5000 ರನ್ ಸುಮ್ನೆ ಬರೋದಿಲ್ಲ. ಏಕದಿನದಲ್ಲೂ ಔಟಾಗದೆ 61 ಹೊಡೆದಿದ್ದಾರೆ. ಏಳೆಂಟನೇ ಕ್ರಮಾಂಕಕ್ಕೆ ಬೇಕಾದದ್ದು ಇಷ್ಟೇ.

ನಿವೃತ್ತಿ ಯಾವಾಗ? ಕೊನೆಯಲ್ಲಿ ಯಾಕೆ ಅಷ್ಟು ವರ್ಷ ಎಳೆದರು?

ಅಧಿಕೃತವಾಗಿ ನಿವೃತ್ತಿ ಹೇಳಿದ್ದು 2012ರಲ್ಲಿ, 42ರ ವಯಸ್ಸಿನಲ್ಲಿ. 'ಎಳೆದರು' ಅನ್ನೋ ಪದ ನನಗೆ ಹಿಡಿಸೋದಿಲ್ಲ. 1998-99ರ ನಂತರ ಕರ್ನಾಟಕ ಮತ್ತೆ ರಣಜಿ ಗೆದ್ದದ್ದು 2013-14ರಲ್ಲಿ. ನಡುವಿನ ಆ ಬರಗಾಲದಲ್ಲಿ ಒಂದಾದ ಮೇಲೊಂದು ಹುಡುಗರ ಬ್ಯಾಚ್ ಬಂದು ಹೋಯಿತು, ಜೋಶಿ ಇದ್ದರು. 2009-10ರಲ್ಲಿ ಕರ್ನಾಟಕ ಫೈನಲ್ ತಲುಪಿತು, ಮೈಸೂರಿನಲ್ಲಿ ಮುಂಬೈ ವಿರುದ್ಧ. ಮನೀಶ್ ಪಾಂಡೆ 144 ಹೊಡೆದರೂ 6 ರನ್ನಿನಿಂದ ಸೋತ ಆ ಪಂದ್ಯ. ಆ ಸೀಸನ್ನಿನ ತಂಡದಲ್ಲಿ ಪಾಂಡೆಗೆ 20 ವರ್ಷ, ಜೋಶಿಗೆ 39.

ಭಾರತದ ಬಾಗಿಲು ಮುಚ್ಚಿದ ಮೇಲೆ ಹತ್ತು ವರ್ಷ ರಾಜ್ಯಕ್ಕೆ ಆಡಿದ್ದಾರೆ. ವಾಪಸ್ ಕರೆಯುತ್ತಾರೆ ಅನ್ನೋ ಆಸೆಯಿಂದ ಮೊದಲ ಎರಡು ವರ್ಷ ಆಡಬಹುದು. ಉಳಿದ ಎಂಟು ವರ್ಷಕ್ಕೆ ಬೇರೆ ಕಾರಣ ಬೇಕು, ಅಲ್ವಾ?

ಐಪಿಎಲ್ ಆಡಿದ್ದಾರಾ?

ಆಡಿದ್ದಾರೆ. 2008ರ ಮೊದಲ ಐಪಿಎಲ್‌ನಲ್ಲಿ ಆರ್‌ಸಿಬಿ ಜೆರ್ಸಿಯಲ್ಲಿ ಕೆಲವೇ ಪಂದ್ಯ. ಆಗಲೇ 37 ದಾಟಿತ್ತು.

ಕೋಚ್ ಆಗಿ ಎಲ್ಲೆಲ್ಲಿ ಕೆಲಸ ಮಾಡಿದ್ದಾರೆ?

ಹೈದರಾಬಾದ್, ಜಮ್ಮು-ಕಾಶ್ಮೀರ, ಒಮಾನ್, ಬಾಂಗ್ಲಾದೇಶ, ಅಮೆರಿಕ, ಉತ್ತರ ಪ್ರದೇಶ, ಐಪಿಎಲ್‌ನಲ್ಲಿ ಪಂಜಾಬ್ ಕಿಂಗ್ಸ್. ದೊಡ್ಡ ಹೆಸರಿನ, ಎಲ್ಲ ಸಿದ್ಧ ಇರುವ ತಂಡಗಳು ಇದರಲ್ಲಿ ಕಮ್ಮಿ. ಕ್ರಿಕೆಟ್ ಅಂದರೆ ಮೊದಲು ನೆನಪಿಗೆ ಬಾರದ ಊರುಗಳೇ ಜಾಸ್ತಿ. ಗದಗದವರಿಗೆ ಅಂಥ ಊರು ಅಂದರೆ ಏನು ಅಂತ ಹೇಳಿಕೊಡಬೇಕಾಗಿಲ್ಲ.

ಜಮ್ಮು-ಕಾಶ್ಮೀರ ಮುಂಬೈಯನ್ನು ಸೋಲಿಸಿದಾಗ ಇವರೇ ಕೋಚಾ?

ಇವರೇ. 2014ರ ಡಿಸೆಂಬರ್, ವಾಂಖೆಡೆ. ಆ ಪಂದ್ಯಕ್ಕೆ ಮೂರು ತಿಂಗಳ ಹಿಂದೆ, ಸೆಪ್ಟೆಂಬರಿನಲ್ಲಿ, ಕಾಶ್ಮೀರದಲ್ಲಿ ಭಯಂಕರ ಪ್ರವಾಹ. ಶ್ರೀನಗರದ ಶೇರ್-ಎ-ಕಾಶ್ಮೀರ್ ಕ್ರೀಡಾಂಗಣವೇ ನೀರಲ್ಲಿ ಮುಳುಗಿತ್ತು. ಸರಿಯಾಗಿ ಪ್ರಾಕ್ಟೀಸ್ ಮಾಡಲು ಮೈದಾನ ಇಲ್ಲ. ಆಟಗಾರರ ಮನೆಗಳ ಕಥೆ ಬೇರೆ. ಅಂಥ ಹೊತ್ತಿನಲ್ಲಿ ಹುಡುಗರನ್ನು ಒಟ್ಟು ಮಾಡಿ, ಸೀಸನ್ನಿನ ಮೊದಲ ಪಂದ್ಯಕ್ಕೇ 40 ಸಲ ರಣಜಿ ಗೆದ್ದ ಮುಂಬೈ ಎದುರು, ಅವರದೇ ಮೈದಾನದಲ್ಲಿ ಇಳಿಸಬೇಕು.

ನಾಯಕ ಪರ್ವೇಜ್ ರಸೂಲ್. ಶುಭಂ ಖಜೂರಿಯಾ ಅನ್ನೋ ಹುಡುಗ ಮೊದಲ ಇನಿಂಗ್ಸ್‌ನಲ್ಲಿ 107, ಎರಡನೆಯದರಲ್ಲಿ 78. ಗೆಲ್ಲಲು 237 ಬೇಕಿತ್ತು, 4 ವಿಕೆಟ್ ಉಳಿಸಿಕೊಂಡು ಹೊಡೆದರು. ಕಾಶ್ಮೀರದ ಕ್ರಿಕೆಟ್ಟಿಗೆ ಅದು ಹಬ್ಬ. ಮೈಸೂರಿನಲ್ಲಿ ಮುಂಬೈ ಎದುರು 6 ರನ್ನಿನಿಂದ ಸೋತಿದ್ದ ಕರ್ನಾಟಕದವರಿಗೂ ಒಳಗೊಳಗೇ ಸ್ವಲ್ಪ ಹಬ್ಬ.

ಒಮಾನ್, ಬಾಂಗ್ಲಾದೇಶದಲ್ಲಿ ಏನು ಮಾಡಿದರು?

ಒಮಾನ್‌ಗೆ ಸ್ಪಿನ್ ಕೋಚ್ ಆಗಿದ್ದು 2016ರ ಟಿ20 ವಿಶ್ವಕಪ್ ಹೊತ್ತಿನಲ್ಲಿ. ಧರ್ಮಶಾಲಾದಲ್ಲಿ ಐರ್ಲೆಂಡ್ ತಂಡವನ್ನು 2 ವಿಕೆಟ್‌ನಿಂದ ಸೋಲಿಸಿತು ಒಮಾನ್, ಅವರ ಮೊದಲ ವಿಶ್ವಕಪ್‌ನ ಮೊದಲ ಪಂದ್ಯದಲ್ಲೇ.

ಬಾಂಗ್ಲಾದೇಶಕ್ಕೆ ಹೋದದ್ದು 2017ರ ಆಗಸ್ಟ್‌ನಲ್ಲಿ, 2019ರ ವಿಶ್ವಕಪ್ ತನಕ ಇದ್ದರು. ಇವರು ಹೋದ ಆ ತಿಂಗಳಲ್ಲೇ ಮೀರ್‌ಪುರದಲ್ಲಿ ಬಾಂಗ್ಲಾ 20 ರನ್‌ಗಳಿಂದ ಆಸ್ಟ್ರೇಲಿಯಾವನ್ನು ಸೋಲಿಸಿತು. ಶಕೀಬ್‌ಗೆ 10 ವಿಕೆಟ್. ಅದನ್ನು ಜೋಶಿ ಲೆಕ್ಕಕ್ಕೆ ಬರೆಯೋದು ಅತಿಯಾಯಿತು, ಶಕೀಬ್‌ಗೆ ಬೌಲಿಂಗ್ ಯಾರೂ ಹೊಸದಾಗಿ ಹೇಳಿಕೊಡಬೇಕಾಗಿರಲಿಲ್ಲ. ಆದರೆ 2018ರ ಕೊನೆಯ ವೆಸ್ಟ್ ಇಂಡೀಸ್ ಸರಣಿ ನೋಡಿ. ಎರಡು ಟೆಸ್ಟ್, 40 ವಿಕೆಟ್, ನಲವತ್ತೂ ಸ್ಪಿನ್ನರ್‌ಗಳಿಗೆ! ಎರಡನೇ ಟೆಸ್ಟ್‌ನಲ್ಲಿ ತಂಡದಲ್ಲಿ ವೇಗದ ಬೌಲರೇ ಇರಲಿಲ್ಲ. ಶಕೀಬ್, ತೈಜುಲ್, ಮೆಹದಿ ಹಸನ್, ಜೊತೆಗೆ 17 ವರ್ಷದ ನಯೀಮ್ ಹಸನ್. ಈ ಹುಡುಗ ಮೊದಲ ಟೆಸ್ಟ್‌ನಲ್ಲೇ 5 ವಿಕೆಟ್ ತೆಗೆದ.

ತಮ್ಮ ಮೊದಲ ಟೆಸ್ಟ್‌ನಲ್ಲಿ ತಮ್ಮನ್ನು ಸೋಲಿಸಿದ ಸ್ಪಿನ್ನರ್‌ನನ್ನೇ ಹದಿನೇಳು ವರ್ಷದ ನಂತರ ಕರೆಸಿಕೊಂಡು ಪಾಠ ಹೇಳಿಸಿಕೊಂಡರು ಬಾಂಗ್ಲಾದವರು. 2000ದ ಆ ಟೆಸ್ಟ್ ನಡೆದಾಗ ನಯೀಮ್ ಇನ್ನೂ ಕೂಸು ಕೂಡ ಅಲ್ಲ, ಹುಟ್ಟಿರಲೇ ಇಲ್ಲ.

ಭಾರತದ ಮುಖ್ಯ ಆಯ್ಕೆಗಾರ ಆಗಿದ್ದು ಯಾವಾಗ?

2020ರ ಮಾರ್ಚ್‌ನಲ್ಲಿ, ಎಂ.ಎಸ್.ಕೆ. ಪ್ರಸಾದ್ ನಂತರ. ಟೈಮಿಂಗ್ ನೋಡಿ ಹೇಗಿತ್ತು. ದಕ್ಷಿಣ ಆಫ್ರಿಕಾ ವಿರುದ್ಧದ ಏಕದಿನ ಸರಣಿಗೆ ತಂಡ ಆರಿಸಿದರು. ಧರ್ಮಶಾಲಾದ ಮೊದಲ ಪಂದ್ಯ ಮಳೆಗೆ ಹೋಯಿತು. ಉಳಿದ ಎರಡು ಪಂದ್ಯ ಕೊರೊನಾಕ್ಕೆ ಹೋಯಿತು. ಆಮೇಲೆ ದೇಶಕ್ಕೇ ಬೀಗ. ಆಯ್ಕೆಗಾರ ಆಗಿದ್ದಾರೆ, ಆರಿಸಲು ಪಂದ್ಯವೇ ಇಲ್ಲ.

ದೊಡ್ಡ ಕೆಲಸ ಬಂದದ್ದು ಅಕ್ಟೋಬರಿನಲ್ಲಿ, ಆಸ್ಟ್ರೇಲಿಯಾ ಪ್ರವಾಸಕ್ಕೆ. ಮೊಹಮ್ಮದ್ ಸಿರಾಜ್‌ಗೆ ಟೆಸ್ಟ್ ತಂಡದಲ್ಲಿ ಜಾಗ ಕೊಟ್ಟದ್ದು, ಟಿ. ನಟರಾಜನ್ ಸೇರಿ ನಾಲ್ಕು ಜನರನ್ನು ಹೆಚ್ಚುವರಿ ಬೌಲರ್‌ಗಳಾಗಿ ಜೊತೆಗೆ ಕಳಿಸಿದ್ದು ಇದೇ ಸಮಿತಿ. ಅಡಿಲೇಡ್‌ನಲ್ಲಿ 36ಕ್ಕೆ ಆಲೌಟ್ ಆದಾಗ ಬೈಸಿಕೊಂಡರು, ಒಬ್ಬೊಬ್ಬರೇ ಗಾಯಗೊಂಡು ಬಿದ್ದಾಗ ಆ ಉದ್ದದ ಪಟ್ಟಿಯೇ ಕೈ ಹಿಡಿಯಿತು. ಬ್ರಿಸ್ಬೇನಿನ ಗಾಬಾ ಮೈದಾನದಲ್ಲಿ ಸಿರಾಜ್ ಎರಡನೇ ಇನಿಂಗ್ಸ್‌ನಲ್ಲಿ 5 ವಿಕೆಟ್ ತೆಗೆದರು, ನೆಟ್ ಬೌಲಿಂಗ್‌ಗೆ ಅಂತ ಹೋದ ನಟರಾಜನ್ ಟೆಸ್ಟ್ ಕ್ಯಾಪ್ ಹಾಕಿಕೊಂಡರು, ಭಾರತ ಸರಣಿ 2-1ರಿಂದ ಗೆದ್ದಿತು.

ಒಂಬತ್ತೇ ತಿಂಗಳಲ್ಲಿ ಅಧ್ಯಕ್ಷ ಸ್ಥಾನ ಯಾಕೆ ಹೋಯಿತು? ಏನಾದರೂ ಗಲಾಟೆನಾ?

ಗಲಾಟೆ ಏನಿಲ್ಲ, ನಿಯಮ. ಸಮಿತಿಯಲ್ಲಿ ಯಾರು ಹೆಚ್ಚು ಟೆಸ್ಟ್ ಆಡಿದ್ದಾರೋ ಅವರೇ ಅಧ್ಯಕ್ಷ. ಜೋಶಿ 15 ಆಡಿದ್ದರು. ಡಿಸೆಂಬರಿನಲ್ಲಿ 23 ಟೆಸ್ಟ್ ಆಡಿದ ಚೇತನ್ ಶರ್ಮಾ ಸಮಿತಿಗೆ ಬಂದರು, ಕುರ್ಚಿ ಅವರಿಗೆ ಹೋಯಿತು. ಗಾಬಾ ಗೆಲುವಿನ ಹೊತ್ತಿಗೆ ಜೋಶಿ ಮಾಜಿ ಅಧ್ಯಕ್ಷ, ಹಾಲಿ ಸದಸ್ಯ. ಆಡುವಾಗ ಸಿಗದ ಟೆಸ್ಟ್‌ಗಳು ಇಪ್ಪತ್ತು ವರ್ಷ ಬಿಟ್ಟು ಬಂದು ಇಲ್ಲೂ ಕಾಲಿಗೆ ತೊಡರಿದವು ನೋಡಿ. ಅಧ್ಯಕ್ಷಗಿರಿ ಹೋಯಿತು ಅಂತ ಎದ್ದು ಹೋಗಲಿಲ್ಲ, 2022ರ ನವೆಂಬರಿನಲ್ಲಿ ಇಡೀ ಸಮಿತಿಯನ್ನು ಬದಲಾಯಿಸುವ ತನಕ ಸದಸ್ಯರಾಗಿಯೇ ಕೆಲಸ ಮಾಡಿದರು. ಎರಡನೇ ಕುರ್ಚಿ ಅವರಿಗೇನು ಹೊಸದಲ್ಲ.

ಈಗ ನಮ್ಮ ಕಡೆ ಹುಡುಗರಿಗೆ ದಾರಿ ಸುಲಭ ಆಗಿದೆಯಾ?

ಸ್ವಲ್ಪ ಆಗಿದೆ. ಹುಬ್ಬಳ್ಳಿಯ ರಾಜನಗರದಲ್ಲಿ ಕೆಎಸ್‌ಸಿಎ (ರಾಜ್ಯ ಕ್ರಿಕೆಟ್ ಸಂಸ್ಥೆ) ಮೈದಾನ ಇದೆ, ಅಲ್ಲಿ ರಣಜಿ ಪಂದ್ಯಗಳೇ ನಡೆಯುತ್ತವೆ. ಧಾರವಾಡ ವಲಯ, ರಾಯಚೂರು ವಲಯ ಅಂತ ವಯಸ್ಸಿನ ಪ್ರಕಾರ ಪಂದ್ಯಗಳು ಇವೆ. ರಾಜ್ಯದ ಟಿ20 ಟೂರ್ನಿ ಮಹಾರಾಜ ಟ್ರೋಫಿಯಲ್ಲಿ ಹುಬ್ಬಳ್ಳಿ ಟೈಗರ್ಸ್ ಇದೆ, 2023ರಲ್ಲಿ ಕಪ್ ಕೂಡ ಗೆದ್ದಿತು. ಮೊಬೈಲಿನಲ್ಲಿ ಬೇಕಾದ ಬೌಲರ್‌ನ ವಿಡಿಯೋ ನಿಧಾನ ಮಾಡಿ ನೋಡಬಹುದು.

ಆದರೆ ನಸುಕಿನಲ್ಲಿ ಎದ್ದು ಹೋಗಬೇಕಾದ ಊರುಗಳು ಇನ್ನೂ ಇವೆ. ನನ್ನ ಅಕ್ಕನ ಮಗ ಹದಿಮೂರು ವರ್ಷದವ, ಎಡಗೈ ಸ್ಪಿನ್ ಹಾಕುತ್ತಾನೆ. ಒಂದು ಸೆಲೆಕ್ಷನ್‌ಗೆ ಕರೆದುಕೊಂಡು ಹೋದರೆ ಅಲ್ಲಿದ್ದವರು ಆರು ಎಸೆತ ನೋಡಿ ಸಾಕು ಅಂದರು. ಆರು! ವಾಪಸ್ ಬರುವಾಗ ಬಸ್ಸಿನಲ್ಲಿ ಅವನು ಕೇಳಿದ ಪ್ರಶ್ನೆಯಿಂದಲೇ ಈ ಬರಹ ಶುರುವಾದದ್ದು: "ಮಾಮಾ, ಸುನಿಲ್ ಜೋಶಿ ಎಷ್ಟು ಬಾಲ್ ಹಾಕಿದ ಮೇಲೆ ಸೆಲೆಕ್ಟ್ ಆದರು?"

ಆರ್‌ಸಿಬಿ ಕಪ್ ಗೆದ್ದ ದಿನ ಜೋಶಿ ಎಲ್ಲಿದ್ದರು?

ಎದುರು ಡಗೌಟ್‌ನಲ್ಲಿ! 2023ರಿಂದ ಪಂಜಾಬ್ ಕಿಂಗ್ಸ್‌ಗೆ ಸ್ಪಿನ್ ಕೋಚ್ ಆಗಿದ್ದರು. 2025ರ ಐಪಿಎಲ್‌ನಲ್ಲಿ ಪಂಜಾಬ್ 111 ಹೊಡೆದು ಕೋಲ್ಕತ್ತಾವನ್ನು 95ಕ್ಕೆ ಕಟ್ಟಿಹಾಕಿದ ಪಂದ್ಯ ನೆನಪಿದೆಯಾ? ಚಾಹಲ್‌ಗೆ 4 ವಿಕೆಟ್. ಹಾಗೆ ಬಂದ ತಂಡ ಜೂನ್ 3ರಂದು ಅಹಮದಾಬಾದ್‌ನಲ್ಲಿ ಫೈನಲ್ ಆಡಿತು. ಹದಿನೆಂಟು ವರ್ಷ ಕಾದ ಆರ್‌ಸಿಬಿ ಗೆದ್ದಿತು, ಕೊಹ್ಲಿ ಅತ್ತರು, ನಾವೂ ಅತ್ತೆವು. ಆರ್‌ಸಿಬಿಯ ಮೊದಲ ವರ್ಷದ ಆಟಗಾರ ಆವತ್ತು ಸೋತವರ ಕಡೆ.

ಗೆಲುವಿನ ಅಂತರ 6 ರನ್. ಹುಟ್ಟಿದ್ದು 6ನೇ ತಿಂಗಳ 6ರಂದು, ಮೊದಲ ಟೆಸ್ಟ್ ಅದೇ ದಿನ, ನೈರೋಬಿಯಲ್ಲಿ 6 ಮೇಡನ್ 6 ರನ್, ಮೈಸೂರಿನಲ್ಲಿ 6 ರನ್ ಸೋಲು, ಇಲ್ಲಿ ಮತ್ತೆ 6. ಅಕ್ಕನ ಮಗ ಇದನ್ನು ಪಟ್ಟಿ ಮಾಡಿಟ್ಟುಕೊಂಡಿದ್ದಾನೆ, ಸೆಲೆಕ್ಷನ್‌ನಲ್ಲಿ ಹಾಕಿದ ಆ ಆರು ಎಸೆತವನ್ನೂ ಸೇರಿಸಿ.